ನಂಬರ್ ಒಂದೇ, ಬಣ್ಣ ಬೇರೆ: ಕ್ರೋಶಾ ಹೊದಿಕೆಯ ಬೂದು ನೂಲಿಗೆ ಏನಾಯಿತು?

ಪ್ರಶ್ನೆ: ನಾನು ಧಾರವಾಡದವಳು, ವಯಸ್ಸು 59. ಮಗಳ ಕೂಸಿಗೆಂದು ಕ್ರೋಶಾ ಹೊದಿಕೆ ಹಾಕುತ್ತಿದ್ದೇನೆ. ಐದು ಅಂಗುಲದ ಚೌಕಗಳು. ಅಡ್ಡಕ್ಕೆ ಆರು, ಉದ್ದಕ್ಕೆ ಎಂಟು, ಒಟ್ಟು 48. ಚೌಕದ ನಡುವೆ ಕುಂಕುಮ ಕೆಂಪು, ಎಲೆಹಸಿರು, ಸಾಸಿವೆ ಹಳದಿ, ಕಡುನೀಲಿ ಇವುಗಳಲ್ಲಿ ಒಂದು ಬಣ್ಣ. ಕೊನೆಯ ಸುತ್ತಿಗೂ ಜೋಡಣೆಗೂ ತಿಳಿ ಬೂದು ಬಣ್ಣದ ಅಕ್ರಿಲಿಕ್ ನೂಲು. ಬೂದು ನೂಲಿನ 100 ಗ್ರಾಮಿನ ಎರಡು ಉಂಡೆ ತಂದಿದ್ದೆ, 36 ಚೌಕಕ್ಕೆ ಮುಗಿದುಹೋಯಿತು. ನಾಲ್ಕು ತಿಂಗಳ ಮೇಲೆ ಅದೇ ಅಂಗಡಿಯಲ್ಲಿ ಅದೇ ಕಂಪನಿಯ, ಅದೇ ಶೇಡ್ ನಂಬರಿನ ಇನ್ನೊಂದು ಉಂಡೆ ತಂದು ಕೊನೆಯ ಎರಡು ಸಾಲು ಮುಗಿಸಿದೆ. ರಾತ್ರಿ ಟ್ಯೂಬ್‌ಲೈಟಿನಲ್ಲಿ ಏನೂ ಗೊತ್ತಾಗಲಿಲ್ಲ. ಬೆಳಿಗ್ಗೆ ಮಾಳಿಗೆಯ ಮೇಲೆ ಹಾಸಿದರೆ ಆರನೆಯ ಸಾಲಿನ ಕೆಳಗೆ ಗೆರೆ ಎಳೆದ ಹಾಗೆ ವ್ಯತ್ಯಾಸ! ಹೊಸದು ತುಸು ಗುಲಾಬಿಗೆ ತಿರುಗಿದ ಬೂದು. ಇನ್ನೂ ವಿಚಿತ್ರವೆಂದರೆ, ಹಳೆಯ ಉಂಡೆಯ ಬೂದು ಬಣ್ಣವೇ ಕೆಂಪು ಚೌಕದ ಸುತ್ತ ಹಸಿರು ಛಾಯೆಯಾಗಿ, ಹಸಿರು ಚೌಕದ ಸುತ್ತ ಕೆಂಪು ಛಾಯೆಯಾಗಿ ಕಾಣುತ್ತಿದೆ. ಅಂಗಡಿಯವರು ಬೇರೆ ಮಾಲು ಕೊಟ್ಟರೇ? ಬಿಸಿನೀರಿನಲ್ಲಿ ಒಗೆದರೆ ಎರಡೂ ಒಂದಾಗುತ್ತವೆ ಎಂದು ನಾದಿನಿ ಹೇಳುತ್ತಾಳೆ. ಉಪ್ಪುನೀರಿನಲ್ಲಿ ನೆನೆಸಿ, ಇಲ್ಲದಿದ್ದರೆ ಕೆಂಪು ಬಿಡುತ್ತದೆ ಎಂದು ಪಕ್ಕದ ಮನೆಯವರು ಹೆದರಿಸುತ್ತಾರೆ (ಕೆಂಪು ಮಾತ್ರ ಮನೆಯಲ್ಲಿದ್ದ ಹಳೆಯ ಹತ್ತಿ ನೂಲು). ಮಗಳು ಫೋಟೊ ನೋಡಿ, ಕೆಂಪು ಹಸಿರು ಕಣ್ಣಿಗೆ ಹೊಡೆಯುತ್ತದೆ ಎಂದಳು. ಮೂರು ವಾರದಲ್ಲಿ ತೊಟ್ಟಿಲ ಕಾರ್ಯ. ಎಲ್ಲವನ್ನೂ ಬಿಚ್ಚಬೇಕೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸಿಬಿಡುತ್ತೇನೆ. ಎಲ್ಲವನ್ನೂ ಬಿಚ್ಚಬೇಡಿ. ಒಂದೇ ಒಂದು ಸಾಲಿನ ಜೋಡಣೆ ಬಿಚ್ಚಿದರೆ ಸಾಕು, ಚೌಕಗಳನ್ನು ಮುಟ್ಟುವುದೂ ಬೇಡ. ಹೇಗೆಂದು ಮುಂದೆ ಹೇಳುತ್ತೇನೆ. ಅದಕ್ಕೆ ಮುಂಚೆ ಒಂದು ಮಾತು. ನಿಮ್ಮ ಪತ್ರದಲ್ಲಿ ಬೂದು ಬಣ್ಣದ ಬಗ್ಗೆ ಒಂದೇ ದೂರು ಇರುವಂತೆ ಕಂಡರೂ ಇರುವುದು ಎರಡು. ಒಂದು ನೂಲಿನಲ್ಲಿದೆ, ಇನ್ನೊಂದು ನಿಮ್ಮ ಕಣ್ಣಿನಲ್ಲಿದೆ. ಇವೆರಡನ್ನು ಬೇರ್ಪಡಿಸದೆ ಕಡ್ಡಿ ಹಿಡಿದು ಕೂತರೆ ಸರಿಯಾಗಿರುವುದನ್ನು ಬಿಚ್ಚಿ, ಕೆಟ್ಟಿರುವುದನ್ನು ಉಳಿಸಿಕೊಂಡ ಹಾಗಾಗುತ್ತದೆ.

ನಾನು ನೂಲಿಗೆ ಬಣ್ಣ ಹಾಕುವ ಘಟಕವೊಂದರ ಪ್ರಯೋಗಾಲಯದಲ್ಲಿ 22 ವರ್ಷ ಶೇಡ್ ಹೊಂದಿಸುವ ಕೆಲಸ ಮಾಡಿದವಳು. ಗಿರಾಕಿ ಕಳಿಸಿದ ತುಂಡು ನೂಲಿಗೆ ನಮ್ಮ ನೂಲು ಹೊಂದುತ್ತದೋ ಇಲ್ಲವೋ ಎಂದು ಹೇಳುವುದೇ ದಿನವಿಡೀ ನನ್ನ ಕೆಲಸ. ಈಗ ವಾರಕ್ಕೆರಡು ದಿನ ಮನೆಯಲ್ಲಿ ಕ್ರೋಶಾ ಕಲಿಸುತ್ತೇನೆ. ನೀವು ಬರೆದ ಈ ಗೆರೆಯನ್ನು ಹಿಡಿದುಕೊಂಡು ವರ್ಷಕ್ಕೆ ನಾಲ್ಕೈದು ಮಂದಿಯಾದರೂ ಬರುತ್ತಾರೆ. ಬಹುತೇಕ ಎಲ್ಲರೂ ಮೊದಲು ಬೈಯುವುದು ಅಂಗಡಿಯವರನ್ನೇ.

ಅಂಗಡಿಯವರದು ಇಲ್ಲಿ ತಪ್ಪಿಲ್ಲ. ಉಂಡೆಯ ಮೇಲಿನ ಕಾಗದದಲ್ಲಿ ಎರಡು ಸಂಖ್ಯೆಗಳಿರುತ್ತವೆ. ಒಂದು ಶೇಡ್ ನಂಬರ್, ಇನ್ನೊಂದು ಲಾಟ್ ನಂಬರ್. ಶೇಡ್ ನಂಬರ್ ಎಂದರೆ ಅಡುಗೆಯ ಹೆಸರು. ಲಾಟ್ ನಂಬರ್ ಎಂದರೆ ಅದು ಯಾವ ದಿನ ಯಾವ ಪಾತ್ರೆಯಲ್ಲಿ ಬೆಂದದ್ದು ಎಂಬ ಗುರುತು. ಒಂದೇ ಕೈ, ಒಂದೇ ಪುಡಿ, ಒಂದೇ ಅಳತೆ ಇದ್ದರೂ ನಿನ್ನೆಯ ಸಾರಿನ ಬಣ್ಣ ಇವತ್ತಿನ ಸಾರಿಗೆ ಬರುತ್ತದೆಯೇ? ನೂಲಿನದೂ ಅದೇ ಕಥೆ. ನಾವು ಅಂಗಡಿಯಲ್ಲಿ ಶೇಡ್ ನಂಬರನ್ನು ನೋಡಿ ತರುತ್ತೇವೆ, ಲಾಟ್ ನಂಬರಿರುವ ಕಾಗದವನ್ನು ಮನೆಗೆ ಬಂದ ಕೂಡಲೇ ಕಸದ ಬುಟ್ಟಿಗೆ ಹಾಕುತ್ತೇವೆ.

ಅಕ್ರಿಲಿಕ್ ನೂಲಿಗೆ ಬಣ್ಣ ಹಾಕುವುದು ತಾಳ್ಮೆಯ ಕೆಲಸ. ನೀರು ಸುಮಾರು 80 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಎಳೆ ಬಾಗಿಲು ಮುಚ್ಚಿಕೊಂಡಿರುತ್ತದೆ, ಬಣ್ಣ ಒಳಗೆ ಹೋಗುವುದೇ ಇಲ್ಲ. ಅಲ್ಲಿಂದ ಕೆಲವೇ ಡಿಗ್ರಿ ಮೇಲೇರಿದರೆ ಒಮ್ಮೆಲೇ ನುಗ್ಗುತ್ತದೆ. ನುಗ್ಗಿದ್ದು ಎಲ್ಲ ಕಡೆ ಸಮವಾಗಿ ಕೂರಲಿ ಎಂದು ಬಣ್ಣದ ವೇಗ ತಗ್ಗಿಸುವ ರಾಸಾಯನಿಕ ಸೇರಿಸುತ್ತೇವೆ, ಬಿಸಿಯನ್ನು ನಿಮಿಷಕ್ಕೆ ಒಂದು ಡಿಗ್ರಿಯೋ ಅದಕ್ಕೂ ಕಡಿಮೆಯೋ ಏರಿಸುತ್ತ ಹೋಗುತ್ತೇವೆ, ಕುದಿಯುವ ಹಂತಕ್ಕೆ ತಂದು ನಿಲ್ಲಿಸುತ್ತೇವೆ. ಇದರಲ್ಲಿ ಎಲ್ಲಿ ಒಂದಿಷ್ಟು ಹೆಚ್ಚುಕಮ್ಮಿಯಾದರೂ ಬಣ್ಣ ಕದಲುತ್ತದೆ.

ಅದರಲ್ಲೂ ನೀವು ಆರಿಸಿಕೊಂಡದ್ದು ಬೂದು. ನನ್ನ ವೃತ್ತಿಯಲ್ಲಿ ನಿದ್ದೆ ಕೆಡಿಸಿದ ಬಣ್ಣ ಯಾವುದೆಂದು ಕೇಳಿದರೆ ತಿಳಿ ಬೂದು ಎಂದೇ ಹೇಳುತ್ತೇನೆ. ಕೆಂಪು ನೂಲಿನಲ್ಲಿ ಕೆಂಪು ಬಣ್ಣವೇ ಮುಖ್ಯ, ಅದು ಚೂರು ಹೆಚ್ಚಾದರೂ ಕೆಂಪು ಕೆಂಪಾಗಿಯೇ ಇರುತ್ತದೆ. ಬೂದು ಬಣ್ಣವನ್ನು ಸಾಮಾನ್ಯವಾಗಿ ಹಳದಿ, ಕೆಂಪು, ನೀಲಿ ಮೂರನ್ನೂ ಚಿಟಿಕೆ ಚಿಟಿಕೆ ಸೇರಿಸಿ ತೂಗಿಸುತ್ತೇವೆ. ತಕ್ಕಡಿಯಲ್ಲಿ ಕೆಂಪು ಒಂದು ಕೂದಲೆಳೆ ಹೆಚ್ಚಾದರೆ ಗುಲಾಬಿ ಬೂದು, ನೀಲಿ ಹಳದಿ ಹೆಚ್ಚಾದರೆ ಹಸಿರು ಬೂದು. ನಿಮ್ಮ ಮೂರನೆಯ ಉಂಡೆಗೆ ಆಗಿರುವುದು ಇದೇ. ಬೂದು, ಮಣ್ಣಿನ ಬಣ್ಣ, ಮೆಂತ್ಯದ ಹಸಿರು, ತೀರಾ ತಿಳಿಯಾದ ಗುಲಾಬಿ ಇವೆಲ್ಲ ಒಂದೇ ಜಾತಿ. ಇವುಗಳಲ್ಲಿ ಕೆಲಸ ಆರಂಭಿಸುವವರು ಒಂದು ಉಂಡೆ ಹೆಚ್ಚೇ ತಂದಿಟ್ಟುಕೊಳ್ಳಬೇಕು. ಕಪ್ಪು, ಕಡುನೀಲಿಗಳು ಉದಾರಿಗಳು, ಎಷ್ಟೋ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತವೆ.

ಬಿಳಿ ಸುಲಭ ಎಂದುಕೊಂಡಿದ್ದರೆ ಅದೂ ಇಲ್ಲ. ಹಾಲುಬಿಳಿ ನೂಲಿಗೆ ಹೊಳಪು ಕೊಡುವ ರಾಸಾಯನಿಕ ಹಾಕಿರುತ್ತಾರೆ. ಅದು ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿ ನೀಲಿ ಬೆಳಕಾಗಿ ಹೊರಬಿಡುತ್ತದೆ. ಹಾಗಾಗಿ ಎರಡು ಬಿಳಿಗಳು ಮನೆಯೊಳಗೆ ಅವಳಿಗಳಂತಿದ್ದು ಅಂಗಳಕ್ಕೆ ಬಂದ ಕೂಡಲೇ ಒಂದು ಹಾಲು, ಇನ್ನೊಂದು ಕೆನೆ ಆಗಬಹುದು. ಆಂಧ್ರದ ನರಸಾಪುರದಲ್ಲಿ ತಲೆಮಾರುಗಳಿಂದ ಕ್ರೋಶಾ ಲೇಸ್ ಹಾಕುವ ಹೆಂಗಸರಿದ್ದಾರೆ, ಹೆಚ್ಚಿನದು ಬಿಳಿ ಮತ್ತು ಕೆನೆ ಬಣ್ಣದ ಕೆಲಸವೇ. ಒಬ್ಬರು ಹೂವು, ಇನ್ನೊಬ್ಬರು ಅಂಚು, ಮತ್ತೊಬ್ಬರು ಜೋಡಣೆ ಎಂದು ಹಂಚಿಕೊಂಡು ಮಾಡುವ ಅಂಥ ಕೆಲಸದಲ್ಲಿ ನೂಲಿನ ಲಾಟ್ ಬೇರೆಯಾದರೆ ಬಿಳಿಯಲ್ಲೂ ತೇಪೆ ಕಾಣುತ್ತದೆ.

ಟ್ಯೂಬ್‌ಲೈಟಿನಲ್ಲಿ ಕಾಣದ್ದು ಬಿಸಿಲಿನಲ್ಲಿ ಕಂಡದ್ದೇಕೆ? ಕಣ್ಣು ನೋಡುವುದು ನೂಲಿಗೆ ಬಿದ್ದು ಹಿಂದಿರುಗಿದ ಬೆಳಕನ್ನು. ಬಿಸಿಲಿನಲ್ಲಿ ಎಲ್ಲ ಬಣ್ಣದ ಬೆಳಕೂ ಇದೆ. ಟ್ಯೂಬ್‌ಲೈಟಿನ ಬೆಳಕು ಕೆಲವು ಬಣ್ಣಗಳಲ್ಲಿ ದಟ್ಟ, ಕೆಲವು ಬಣ್ಣಗಳಲ್ಲಿ ತೆಳು. ಎರಡು ಲಾಟ್‌ಗಳ ವ್ಯತ್ಯಾಸ ಆ ತೆಳು ಜಾಗದಲ್ಲೇ ಇದ್ದರೆ ಟ್ಯೂಬ್‌ಲೈಟ್ ಅದನ್ನು ತೋರಿಸುವುದೇ ಇಲ್ಲ. ಇದನ್ನು ನಾನು ಕಲಿತದ್ದು ನನ್ನ ಮೊದಲ ವರ್ಷದಲ್ಲಿ, ಮಾನ ಕಳೆದುಕೊಂಡು. ನವಿಲು ಬಣ್ಣದ ಒಂದು ಲಾಟ್. ಮೇಜಿನ ಮೇಲೆ ಟ್ಯೂಬ್‌ಲೈಟಿನ ಕೆಳಗೆ ಎಷ್ಟು ಸಲ ನೋಡಿದರೂ ಹೊಂದಿತ್ತು. ಸಹಿ ಹಾಕಲು ಪೆನ್ನು ತೆಗೆದಿದ್ದೆ. ನಮ್ಮ ಮೇಸ್ತ್ರಿ ಏನೂ ಮಾತಾಡದೆ ಮಾದರಿಯದೊಂದು ಎಳೆ, ಹೊಸ ಲಾಟಿನದೊಂದು ಎಳೆ ಎಳೆದುಕೊಂಡು, ಅಂಗೈ ಮೇಲೆ ಬತ್ತಿ ಹೊಸೆಯುವ ಹಾಗೆ ಹೊಸೆದು, ಬಾಗಿಲ ಹೊಸ್ತಿಲಿಗೆ ಹೋಗಿ ನಿಂತರು. ಹೊಸೆದ ದಾರದ ಮೇಲೆ ಹಸಿರು, ನೀಲಿ, ಹಸಿರು, ನೀಲಿ ಎಂದು ಹಾವಿನ ಪಟ್ಟೆಯ ಹಾಗೆ ಸುರುಳಿ. ಅದನ್ನು ನನ್ನ ಕೈಗಿಟ್ಟು ಚಹಾ ಕುಡಿಯಲು ಹೋದರು. ಆ ಲಾಟ್ ಮತ್ತೆ ಪಾತ್ರೆಗೆ ಹೋಯಿತು.

ಈ ಬತ್ತಿ ಪರೀಕ್ಷೆಗಿಂತ ಒಳ್ಳೆಯದು ಮನೆಯಲ್ಲಿ ಬೇರೊಂದಿಲ್ಲ. ಉಂಡೆಯ ಪಕ್ಕ ಉಂಡೆ ಇಟ್ಟು ನೋಡಿದರೆ ಎಳೆಗಳ ನಡುವಿನ ನೆರಳು ಮೋಸ ಮಾಡುತ್ತದೆ. ಎರಡು ಎಳೆ ಹೊಸೆದು ಹಗಲು ಬೆಳಕಿಗೆ ಹಿಡಿಯಿರಿ. ಪಟ್ಟೆ ಕಂಡರೆ ಬೇರೆ ಲಾಟ್, ಕಾಣದಿದ್ದರೆ ಧೈರ್ಯವಾಗಿ ಹಾಕಿ. ಹಗಲು ಬೆಳಕು ಎಂದರೆ ನೇರ ಬಿಸಿಲಲ್ಲ, ಉತ್ತರದ ಕಿಟಕಿಯ ಹತ್ತಿರ ಬೀಳುವ ತಣ್ಣನೆಯ ಬೆಳಕು. ಆಗ ನೀವು ಉಟ್ಟ ಸೀರೆಯೂ ಗಾಢ ಬಣ್ಣದ್ದಾಗಿರಬಾರದು, ಅದರ ಬಣ್ಣ ನೂಲಿನ ಮೇಲೆ ಬೀಳುತ್ತದೆ. ನಾವು ಬಣ್ಣ ನೋಡುವ ಪೆಟ್ಟಿಗೆಯ ಒಳಗೋಡೆಗೆ ಬೂದು ಬಳಿದಿದ್ದದ್ದೂ ಅದಕ್ಕೇ. ಅಂಗಡಿಯಲ್ಲಾದರೆ ನಾಚಿಕೆ ಬಿಟ್ಟು ಉಂಡೆಯನ್ನು ರಸ್ತೆಗೆ ಒಯ್ದು ನೋಡಿ. ಸೀರೆ ಕೊಳ್ಳುವಾಗ ಎಲ್ಲರೂ ಹಾಗೆಯೇ ಮಾಡುತ್ತೇವಲ್ಲ, ನೂಲಿನ ಉಂಡೆಗೆ ಮಾತ್ರ ಯಾಕೆ ಸಂಕೋಚ?

ಇನ್ನು ಎರಡನೆಯ ದೂರು. ಒಂದೇ ಉಂಡೆಯ ಬೂದು ಕೆಂಪಿನ ಪಕ್ಕ ಹಸಿರಾಗಿ, ಹಸಿರಿನ ಪಕ್ಕ ಕೆಂಪಾಗಿ ಕಾಣುತ್ತಿದೆ ಎಂದಿರಿ. ಇದನ್ನು ನೀವಾಗಿಯೇ ಗಮನಿಸಿದ್ದೀರಿ ಎಂಬುದು ನನಗೆ ತುಂಬ ಖುಷಿ ಕೊಟ್ಟಿತು. ಕೆಲಸಕ್ಕೆ ಸೇರುವ ಎಷ್ಟೋ ಹುಡುಗರಿಗೆ ಇದನ್ನು ತೋರಿಸಿದರೂ ಕಾಣುವುದಿಲ್ಲ. ಸುಮಾರು ಇನ್ನೂರು ವರ್ಷದ ಹಿಂದೆ ಪ್ಯಾರಿಸ್ಸಿನ ಗೋಬ್ಲಾಂ ಎಂಬ ಚಿತ್ರಗಂಬಳಿ ನೇಯುವ ಕಾರ್ಖಾನೆಯಲ್ಲಿ ಇದೇ ಜಗಳ ನಡೆದಿತ್ತು. 1824ರಲ್ಲಿ ಮಿಶೆಲ್ ಷೆವ್ರೊಲ್ ಎಂಬ ರಸಾಯನ ವಿಜ್ಞಾನಿ ಅಲ್ಲಿನ ಬಣ್ಣದ ವಿಭಾಗದ ಮುಖ್ಯಸ್ಥನಾಗಿ ಬಂದ. ಕಪ್ಪು ನೂಲಿನಲ್ಲಿ ಕಸುವಿಲ್ಲ, ನೀಲಿ ನೇರಳೆ ಬಟ್ಟೆಗಳ ನೆರಳು ತೋರಿಸಲು ಬಳಸಿದರೆ ಪೇಲವವಾಗಿ ಕಾಣುತ್ತದೆ ಎಂದು ದೂರು. ಅವನು ಬೇರೆ ಬೇರೆ ಕಡೆಯ ಕಪ್ಪು ಉಣ್ಣೆ ತರಿಸಿ ಹೋಲಿಸಿ ನೋಡಿದ. ತಮ್ಮ ಕಪ್ಪಿನಲ್ಲಿ ಯಾವ ಕೊರತೆಯೂ ಇರಲಿಲ್ಲ. ತಪ್ಪು ಬಣ್ಣದ ತೊಟ್ಟಿಯದಲ್ಲ, ಪಕ್ಕದಲ್ಲಿ ಕೂತ ನೀಲಿಯದು ಎಂದು ಕಂಡುಕೊಂಡ. ಒಂದು ಬಣ್ಣ ತನ್ನ ನೆರೆಯ ಬಣ್ಣವನ್ನು ತನಗೆ ವಿರುದ್ಧವಾದ ಬಣ್ಣದ ಕಡೆಗೆ ತಳ್ಳುತ್ತದೆ ಎಂಬುದನ್ನು 1839ರಲ್ಲಿ ಒಂದು ದೊಡ್ಡ ಗ್ರಂಥವಾಗಿಯೇ ಬರೆದ.

ಬೂದು ಬಣ್ಣಕ್ಕೆ ತನ್ನದೇ ಆದ ಬಣ್ಣವಿಲ್ಲದ್ದರಿಂದ ಈ ತಳ್ಳಾಟ ಅದರಲ್ಲೇ ಹೆಚ್ಚು ಕಾಣುತ್ತದೆ. ನಿಮ್ಮ ಹೊದಿಕೆಯನ್ನೇ ಇನ್ನೊಮ್ಮೆ ನೋಡಿ: ಸಾಸಿವೆ ಹಳದಿಯ ಸುತ್ತ ಬೂದು ತುಸು ನೀಲಿಯಾಗಿ, ಕಡುನೀಲಿಯ ಸುತ್ತ ತುಸು ಹಳದಿಯಾಗಿ ಕಾಣುತ್ತಿರಬೇಕು. ನಂಬಿಕೆ ಬಾರದಿದ್ದರೆ ಒಂದು ಬಿಳಿ ರಟ್ಟು ತೆಗೆದುಕೊಳ್ಳಿ. ಅರ್ಧ ಅಂಗುಲದ ಎರಡು ಕಿಂಡಿ ಕತ್ತರಿಸಿ, ಅವುಗಳ ನಡುವೆ ಐದು ಅಂಗುಲ ದೂರವಿರಲಿ. ಒಂದು ಕಿಂಡಿಯಲ್ಲಿ ಕೆಂಪು ಚೌಕದ ಬೂದು, ಇನ್ನೊಂದರಲ್ಲಿ ಹಸಿರು ಚೌಕದ ಬೂದು ಮಾತ್ರ ಕಾಣುವ ಹಾಗೆ ಹೊದಿಕೆಯ ಮೇಲಿಡಿ, ನಡುವಿನ ಬಣ್ಣಗಳೆಲ್ಲ ರಟ್ಟಿನ ಕೆಳಗೆ ಮುಚ್ಚಿರಲಿ. ಹಳೆಯ 36 ಚೌಕಗಳಲ್ಲಿ ಎಲ್ಲಿ ಇಟ್ಟರೂ ಎರಡು ಕಿಂಡಿಯೂ ಒಂದೇ ಬೂದು. ಅದೇ ರಟ್ಟನ್ನು ಆರನೆಯ ಮತ್ತು ಏಳನೆಯ ಸಾಲಿನ ಮೇಲೆ ಇಡಿ, ವ್ಯತ್ಯಾಸ ಉಳಿಯುತ್ತದೆ. ಉಳಿದದ್ದು ಲಾಟಿನದು, ಮಾಯವಾದದ್ದು ಕಣ್ಣಿನದು. ಕಣ್ಣಿನದಕ್ಕೆ ಚಿಕಿತ್ಸೆ ಬೇಡ; ಅದೇ ಬಣ್ಣಗಾರಿಕೆಯ ಸೊಗಸು.

ಈ ನಿಯಮಕ್ಕೆ ಒಂದು ತಲೆಕೆಳಗು ಉಂಟು, ಕ್ರೋಶಾದವರಿಗೆ ಮುಖ್ಯ. ಬಣ್ಣದ ಜಾಗ ಅಗಲವಾಗಿದ್ದರೆ ನೆರೆಯನ್ನು ದೂರ ತಳ್ಳುತ್ತದೆ, ಆದರೆ ಒಂದೊಂದೇ ಸಾಲಿನ ಸಣ್ಣ ಪಟ್ಟೆಗಳಾಗಿದ್ದರೆ ದೂರದಿಂದ ಎರಡೂ ಕಲಸಿಹೋಗುತ್ತವೆ. ಕೆಂಪು ಒಂದು ಸಾಲು, ಬೂದು ಒಂದು ಸಾಲು ಹಾಕಿ ಹತ್ತಡಿ ದೂರದಿಂದ ನೋಡಿದರೆ ಬೂದೇ ಕೆಂಪಾಗಿರುತ್ತದೆ. ಕೈಯಲ್ಲಿ ಹಿಡಿದಾಗ ಚೆನ್ನಾಗಿದ್ದ ಜೋಡಿ ಸೋಫಾ ಮೇಲೆ ಮಂಕಾಗುವುದಕ್ಕೆ ಇದೇ ಕಾರಣ. ಹಾಗಾಗಿ ಬಣ್ಣ ಆರಿಸುವಾಗ ಉಂಡೆಗಳನ್ನು ಮಡಿಲಲ್ಲಿಟ್ಟು ನಿರ್ಧರಿಸಬೇಡಿ. ಒಂದು ತುಂಡು ಹಾಕಿ ಗೋಡೆಗೆ ಚುಚ್ಚಿ ದೂರ ಹೋಗಿ ನಿಲ್ಲಿ.

ಮಗಳು ಹೇಳಿದ ಕೆಂಪು-ಹಸಿರಿನ ಮಾತಿನಲ್ಲಿ ಹುರುಳಿದೆ, ಕೆಂಪು-ಹಸಿರು ಎಂಬ ಜೋಡಿಯದೇ ತಪ್ಪು ಎನ್ನುವುದರಲ್ಲಿ ಮಾತ್ರ ಇಲ್ಲ. ಹಾಗಿದ್ದರೆ ಹಸಿರು ಒಡಲು, ಕೆಂಪು ಅಂಚಿನ ರೇಷ್ಮೆ ಸೀರೆ ಇಷ್ಟು ಕಾಲ ಮದುವೆಮನೆಯಲ್ಲಿ ಹೇಗೆ ಮೆರೆಯುತ್ತಿತ್ತು? ಆ ಸೀರೆಯನ್ನು ಹತ್ತಿರದಿಂದ ನೋಡಿ. ಹಸಿರು ಒಡಲಿನಷ್ಟಗಲ, ಕೆಂಪು ಅಂಚಿನಷ್ಟೇ. ಎರಡರ ನಡುವೆ ಜರಿಯದೊಂದು ಗೆರೆ. ಜೊತೆಗೆ ಎರಡರಲ್ಲಿ ಒಂದು ಕಡು, ಇನ್ನೊಂದು ತಿಳಿ. ಕಣ್ಣಿಗೆ ಹೊಡೆಯುವುದು ಯಾವಾಗ ಎಂದರೆ ಎರಡೂ ಸಮಸಮ ಅಳತೆಯಲ್ಲಿ, ಸಮಸಮ ಗಾಢವಾಗಿ ಇದ್ದಾಗ. ಮೊಬೈಲಿನಲ್ಲಿ ಹೊದಿಕೆಯ ಫೋಟೊ ತೆಗೆದು ಅದನ್ನು ಕಪ್ಪು-ಬಿಳುಪು ಮಾಡಿ ನೋಡಿ. ನಿಮ್ಮ ಕುಂಕುಮ ಕೆಂಪು, ಎಲೆಹಸಿರು ಎರಡೂ ಹೆಚ್ಚುಕಡಿಮೆ ಒಂದೇ ಬೂದು ಬಣ್ಣವಾಗಿ ಕಾಣುತ್ತವೆ ಎಂದು ನನ್ನ ಊಹೆ. ಬಣ್ಣದ ಹೆಸರಿಗಿಂತ ಈ ಕಡು-ತಿಳಿಯ ಅಂತರವೇ ಹೊದಿಕೆಯನ್ನು ಎತ್ತುವುದು, ಬೀಳಿಸುವುದು. ಕಪ್ಪು-ಬಿಳುಪಿನಲ್ಲಿ ಮೂರು ಮೆಟ್ಟಿಲು, ಅಂದರೆ ಒಂದು ಕಡು, ಒಂದು ನಡು, ಒಂದು ತಿಳಿ ಕಂಡರೆ ಆ ಬಣ್ಣಗಳು ಯಾವುವೇ ಆಗಲಿ ಬಹುಪಾಲು ಹೊಂದುತ್ತವೆ. ಮೊಬೈಲಿನಲ್ಲಿ ಬರುವ ಬಣ್ಣದ ಚಕ್ರ, ಅಂದರೆ ಬಣ್ಣಗಳನ್ನು ದುಂಡಗೆ ಜೋಡಿಸಿದ ಚಿತ್ರ, ಈ ಮೆಟ್ಟಿಲಿನ ಮಾತನ್ನು ಹೇಳುವುದಿಲ್ಲ, ಎದುರುಬದುರು ಇರುವುದನ್ನು ಜೋಡಿಸಿ ಎಂದು ಹೇಳಿ ಸುಮ್ಮನಾಗುತ್ತದೆ.

ಧಾರವಾಡದವರಿಗೆ ನಾನು ಇದನ್ನು ಹೇಳಿಕೊಡುವುದೇ ಅಧಿಕಪ್ರಸಂಗ. ನಿಮ್ಮ ಕಡೆ ಕೌದಿ ಹೊಲಿಯುವ ಅಜ್ಜಿಯರು ಬಣ್ಣದ ಚಕ್ರ ಕಂಡವರಲ್ಲ. ಹಳೆಯ ಸೀರೆ, ಧೋತರ, ಕುಪ್ಪಸದ ತುಂಡು, ಕೈಗೆ ಸಿಕ್ಕಿದ್ದೆಲ್ಲ ಕೌದಿಯೊಳಗೆ ಹೋಗುತ್ತದೆ, ಆದರೂ ಒಂದು ಒಳ್ಳೆಯ ಕೌದಿ ಚಿಂದಿಯ ರಾಶಿಯಂತೆ ಕಾಣುವುದಿಲ್ಲ. ಯಾವ ಗಾಢ ತುಂಡನ್ನೂ ಅವರು ಒಂಟಿಯಾಗಿ ಬಿಡುವುದಿಲ್ಲ. ಇಲ್ಲೊಂದು ಕೆಂಪು ಬಿದ್ದರೆ ಎದುರು ಮೂಲೆಯಲ್ಲೊಂದು ಚೂರು ಕೆಂಪು ಬಂದೇ ಬರುತ್ತದೆ. ಮೇಲಿಂದ ಕೆಳಗೆ ಒಂದೇ ದಾರದ ಹೊಲಿಗೆ ಎಲ್ಲ ತುಂಡುಗಳ ಮೇಲೂ ಓಡಿರುತ್ತದೆ. ಸುತ್ತ ಒಂದು ಅಂಚು ಎಲ್ಲವನ್ನೂ ಹಿಡಿದಿರುತ್ತದೆ. ನಿಮ್ಮ ಹೊದಿಕೆಯನ್ನು ಉಳಿಸುವುದೂ ಇದೇ ಯುಕ್ತಿ.

ಈಗ ಉಪಾಯಕ್ಕೆ ಬರೋಣ. ಹೊಸ ಲಾಟಿನ ಎರಡು ಸಾಲೂ ಒಂದೇ ತುದಿಯಲ್ಲಿವೆ, ಅದಕ್ಕೇ ಅದು ತಪ್ಪಿನ ಹಾಗೆ ಕಾಣುತ್ತಿದೆ. ಎಂಟನೆಯ ಸಾಲನ್ನು ಏಳನೆಯದರಿಂದ ಬಿಡಿಸಿ, ಆರು ಚೌಕದ ಆ ಪಟ್ಟಿಯನ್ನು ಹಾಗೇ ಎತ್ತಿ, ಮೇಲ್ತುದಿಗೆ, ಅಂದರೆ ಒಂದನೆಯ ಸಾಲಿನ ನೆತ್ತಿಗೆ ಜೋಡಿಸಿ. ಬಿಚ್ಚುವುದು ಮೂವತ್ತು ಅಂಗುಲದ ಒಂದೇ ಜೋಡಣೆ. ಈಗ ಮೇಲೊಂದು, ಕೆಳಗೊಂದು ಹೊಸ ಬೂದು ಸಾಲು, ನಡುವೆ ಆರು ಹಳೆಯ ಸಾಲು. ಒಂದೇ ಕಡೆ ಇದ್ದಾಗ ತಪ್ಪಾಗಿದ್ದದ್ದು ಎರಡೂ ಕಡೆ ಬಂದರೆ ಅಂಚಾಗುತ್ತದೆ, ಸೀರೆಗೆ ಎರಡೂ ಬದಿ ಅಂಚಿರುವ ಹಾಗೆ. ಬಳಿಕ ಕಡುನೀಲಿ ನೂಲು ತೆಗೆದುಕೊಂಡು ಹೊಸ ಸಾಲೂ ಹಳೆಯ ಸಾಲೂ ಕೂಡುವ ಎರಡು ಕಡೆಯೂ ಜೋಡಣೆಯ ಮೇಲೆಯೇ ಒಂದು ಚೈನ್ (ಸರಪಳಿಯಂಥ ಕುಣಿಕೆಗಳ ಸಾಲು) ಓಡಿಸಿ. ಇದಕ್ಕೆ ಏನೂ ಬಿಚ್ಚಬೇಕಿಲ್ಲ. ನೂಲನ್ನು ಕೆಳಗಿಟ್ಟು ಕಡ್ಡಿಯನ್ನು ಮೇಲಿನಿಂದ ಚುಚ್ಚಿ ಎಳೆದುಕೊಂಡು ಹೋಗುವುದು. ಕೈ ಸಡಿಲವಾಗಿರಲಿ, ಬಿಗಿದರೆ ಹೊದಿಕೆ ಅಲ್ಲಿ ಸುಕ್ಕುಗಟ್ಟುತ್ತದೆ. ಕೊನೆಗೆ ಸುತ್ತಲೂ ಅದೇ ಕಡುನೀಲಿಯ ಎರಡು ಸುತ್ತು ಅಂಚು.

ಕಡುನೀಲಿಯ ಗೆರೆ ಏನು ಮಾಡುತ್ತದೆ? ಎರಡು ಬೂದುಗಳು ಗಡಿಗೆ ಗಡಿ ತಾಗಿಕೊಂಡಿದ್ದರೆ ಕೂದಲೆಳೆಯ ವ್ಯತ್ಯಾಸವನ್ನೂ ಕಣ್ಣು ಹಿಡಿಯುತ್ತದೆ. ನಡುವೆ ಗಾಢ ಗೆರೆ ಬಂತೆಂದರೆ ಹೋಲಿಸುವುದಕ್ಕೆ ಆಗುವುದಿಲ್ಲ. ಸೀರೆಯ ಜರಿಗೆರೆಯ ಕೆಲಸ ಇದೇ. ಕೆಂಪು-ಹಸಿರಿನ ಹೊಡೆದಾಟವನ್ನೂ ಕಡು ಅಂಚು ಅಷ್ಟಿಷ್ಟು ತಗ್ಗಿಸುತ್ತದೆ. ಅದಕ್ಕಾಗಿ ಬೇರೇನೂ ಮಾಡಬೇಡಿ.

ಈ ದಾರಿಯಲ್ಲಿ ತೊಂದರೆ ಎರಡು ಕಡೆ ಬರಬಹುದು. ನೀವು ಅಡ್ಡ ಸಾಲುಗಳನ್ನು ಮೊದಲು ಜೋಡಿಸಿ, ಆಮೇಲೆ ಮೇಲಿಂದ ಕೆಳಗೆ ಒಂದೇ ಉದ್ದ ಎಳೆಯಲ್ಲಿ ಜೋಡಿಸಿದ್ದರೆ ಆ ಉದ್ದ ಎಳೆ ಐದು ಜಾಗದಲ್ಲಿ ದಾಟುತ್ತದೆ. ಅಲ್ಲಿ ಕತ್ತರಿಸಲೇಬೇಕು, ಕತ್ತರಿಸಿದ ತುದಿ ತೀರಾ ಗಿಡ್ಡವಾಗಿರುತ್ತದೆ. ಕತ್ತರಿ ಹಾಕುವ ಮೊದಲು ಆಚೆ ಈಚೆ ಎರಡೆರಡು ಅಂಗುಲ ಬಿಚ್ಚಿಕೊಂಡು, ತುದಿಯನ್ನು ಸೂಜಿಯಲ್ಲಿ ಒಳಗೆ ಹಿಂದೆಮುಂದೆ ಓಡಿಸಿ ಭದ್ರ ಮಾಡಿ. ಇನ್ನೊಂದು, ಪಟ್ಟಿ ಮೇಲೆ ಬಂದಾಗ ಕೆಂಪಿನ ಮೇಲೆ ಕೆಂಪು, ನೀಲಿಯ ಮೇಲೆ ನೀಲಿ ಬಂದು ಕೂರಬಹುದು. ಜೋಡಿಸುವ ಮುಂಚೆ ನೆಲದ ಮೇಲೆ ಹಾಸಿ, ಪಟ್ಟಿಯ ಎಡತುದಿಯನ್ನು ಬಲಕ್ಕೆ ತಿರುಗಿಸಿಯೂ ನೋಡಿ.

ಬೇರೆ ದಾರಿಗಳೂ ಇವೆ, ನಾನು ನಿಮ್ಮ ಜಾಗದಲ್ಲಿದ್ದರೆ ಹಿಡಿಯುವುದಿಲ್ಲ ಅಷ್ಟೇ. ಹನ್ನೆರಡು ಹೊಸ ಚೌಕಗಳನ್ನು ಎಲ್ಲೆಡೆ ಚದುರಿಸಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ನಾಲ್ಕಕ್ಕೊಂದರ ಲೆಕ್ಕದಲ್ಲಿ ಸೊಗಸಾಗಿಯೂ ಬರುತ್ತದೆ. ಆದರೆ ಹೊದಿಕೆಯ ಬಹುಭಾಗ ಬಿಚ್ಚಬೇಕು, ಮೂರು ವಾರದಲ್ಲಿ ಬಾಣಂತನದ ಮನೆಯಲ್ಲಿ ಆಗುವ ಕೆಲಸವಲ್ಲ. ಹನ್ನೆರಡರ ಕೊನೆಯ ಸುತ್ತನ್ನು ಮಾತ್ರ ಬಿಚ್ಚಿ ಬೇರೊಂದು ಬಣ್ಣದಲ್ಲಿ ಹಾಕಬಹುದು. ಆಗ ಆ ಬಣ್ಣ ಮತ್ತೆಲ್ಲೂ ಇಲ್ಲದೆ ಒಂಟಿಯಾಗುತ್ತದೆ. ಅಂಗಡಿಯಲ್ಲಿ ಹಳೆಯ ಲಾಟ್ ಮೂಲೆಯಲ್ಲಿ ಉಳಿದಿದೆಯೇ ಎಂದು ಕೇಳಿ ನೋಡಬಹುದು, ಹಳೆಯ ಕಾಗದ ಎಸೆಯದೆ ಇಟ್ಟಿದ್ದರೆ. ಮನೆಯಲ್ಲೇ ಬಣ್ಣ ಹಾಕಿ ಹೊಂದಿಸುತ್ತೇನೆಂದು ಹೊರಟರೆ ಮಾತ್ರ ಖಂಡಿತ ಬೇಡ ಎನ್ನುತ್ತೇನೆ. ಹತ್ತಿಗೆ ಚಹಾದ ಡಿಕಾಕ್ಷನ್ ಹತ್ತಬಹುದು, ಅಕ್ರಿಲಿಕ್ಕಿಗೆ ಅದರದೇ ಬಣ್ಣ, ಅದರದೇ ಕುದಿ ಬೇಕು.

ನಾದಿನಿಯವರ ಬಿಸಿನೀರೂ ಅದೇ ಕಾರಣಕ್ಕೆ ವ್ಯರ್ಥ. ಕುದಿಯುವ ನೀರಿನಲ್ಲಿ ಕೂತ ಬಣ್ಣ ನಿಮ್ಮ ಬಚ್ಚಲಿನ ಬಿಸಿನೀರಿಗೆ ಎದ್ದು ಬರುವುದಿಲ್ಲ. ವ್ಯರ್ಥ ಮಾತ್ರವಲ್ಲ, ಅಪಾಯವೂ ಹೌದು. ಅಕ್ರಿಲಿಕ್ ಬಿಸಿಯಲ್ಲಿ, ಅದರಲ್ಲೂ ಒದ್ದೆಯಾಗಿದ್ದಾಗ, ಮೆದುವಾಗುತ್ತದೆ. ಆಗ ಹಿಂಡಿ ಹಗ್ಗಕ್ಕೆ ಹಾಕಿದರೆ ಜೋತುಬಿದ್ದದ್ದು ಜೋತೇ ಇರುತ್ತದೆ. ಇಸ್ತ್ರಿಯನ್ನಂತೂ ಹತ್ತಿರ ತರಬೇಡಿ. ಇಸ್ತ್ರಿ ತಾಗಿದ ಅಕ್ರಿಲಿಕ್ ಹೆಣಿಗೆ ತನ್ನ ಪುಟಿತವನ್ನು ಒಮ್ಮೆಗೇ ಕಳೆದುಕೊಂಡು ಒದ್ದೆ ಕಾಗದದ ಹಾಗೆ ಮಲಗಿಬಿಡುತ್ತದೆ, ಮತ್ತೆ ಏಳುವುದಿಲ್ಲ.

ಉಪ್ಪಿನ ವಿಷಯ ಇನ್ನೂ ಹಳೆಯದು. ನನ್ನ ಅಮ್ಮನೂ ಹೊಸ ಹತ್ತಿ ಸೀರೆಯನ್ನು ಉಪ್ಪುನೀರಿಗೆ ಹಾಕುತ್ತಿದ್ದಳು. ಹತ್ತಿಗೆ ಬಣ್ಣ ಹಾಕುವಾಗ ತೊಟ್ಟಿಗೆ ಉಪ್ಪು ಸುರಿಯುವುದು ನಿಜ, ಅದು ಬಣ್ಣವನ್ನು ನೀರಿನಿಂದ ನೂಲಿನ ಕಡೆಗೆ ದೂಡುತ್ತದೆ. ದೂಡುವುದಷ್ಟೇ, ಅಂಟಿಸುವುದಿಲ್ಲ. ಮನೆಯಲ್ಲಿ ನೆನೆಸಿದಾಗ ಉಪ್ಪುನೀರಿಗೆ ಬಣ್ಣ ಕಡಿಮೆ ಇಳಿಯುತ್ತದೆ, ಅದನ್ನು ಕಂಡು ಗುಣವಾಯಿತು ಎಂದುಕೊಳ್ಳುತ್ತೇವೆ. ಮುಂದಿನ ಸಲ ಬರೀ ನೀರಿಗೆ ಹಾಕಿದಾಗ ಮತ್ತೆ ಬಿಡುತ್ತದೆ. ವಿನೆಗರ್ ಕೂಡ ಹತ್ತಿಗೆ ಉಪಯೋಗವಿಲ್ಲ.

ಆದರೆ ಪಕ್ಕದ ಮನೆಯವರ ಹೆದರಿಕೆ ಸುಳ್ಳಲ್ಲ. ಅಕ್ರಿಲಿಕ್ ಬಣ್ಣ ಬಿಡುವುದು ಅಪರೂಪ, ನಿಮ್ಮ ಹಳೆಯ ಹತ್ತಿ ಕೆಂಪು ಬಿಡಬಹುದು. ಒಂದು ಬಿಳಿ ಹತ್ತಿಯ ಕರವಸ್ತ್ರ ಒದ್ದೆ ಮಾಡಿ ಕೆಂಪು ಚೌಕದ ಮೇಲೆ ಹಾಸಿ, ಅದರ ಮೇಲೆ ನೀರು ತುಂಬಿದ ಚೊಂಬಿಟ್ಟು ಅರ್ಧ ಗಂಟೆ ಬಿಡಿ. ಗುಲಾಬಿ ಹತ್ತದಿದ್ದರೆ ನಿಶ್ಚಿಂತೆ. ಹತ್ತಿದರೆ ಹೊದಿಕೆಯನ್ನು ಒಂಟಿಯಾಗಿ, ತಣ್ಣೀರಿನಲ್ಲಿ, ಧಾರಾಳ ನೀರು ಹಾಕಿ, ನೀರು ತಿಳಿಯಾಗುವವರೆಗೆ ಜಾಲಿಸಿ. ನೆನೆಹಾಕಿ ಮರೆತುಬಿಡುವುದು ಬೇಡ, ನಿಂತ ನೀರಿನಲ್ಲೇ ಕಲೆ ಹತ್ತುವುದು. ಒಂದು ಸಮಾಧಾನವೆಂದರೆ, ಹತ್ತಿಯ ಬಣ್ಣಕ್ಕೆ ಅಕ್ರಿಲಿಕ್ ಮೇಲೆ ಅಷ್ಟು ಒಲವಿಲ್ಲ. ಪ್ರಯೋಗಾಲಯದಲ್ಲಿ ಆರು ಬಗೆಯ ನೂಲಿನ ಪಟ್ಟಿಯನ್ನು ಜೊತೆಗಿಟ್ಟು ಒಗೆದು ನೋಡುತ್ತಿದ್ದೆವು. ಹತ್ತಿಯ ಕೆಂಪು ಪಟ್ಟಿಯ ಹತ್ತಿಯ ಭಾಗಕ್ಕೆ ಢಾಳಾಗಿ ಹತ್ತಿದರೂ ಅಕ್ರಿಲಿಕ್ ಭಾಗ ಬಹುತೇಕ ಹಾಗೇ ಉಳಿಯುತ್ತಿತ್ತು. ಹಾಗಾಗಿ ಬೂದು ಬಣ್ಣಕ್ಕಿಂತ ಕೂಸಿನ ಬಿಳಿ ಹತ್ತಿ ಜುಬ್ಬಕ್ಕೇ ಅಪಾಯ ಹೆಚ್ಚು. ಬಣ್ಣ ನಿಲ್ಲಿಸುವ ದ್ರಾವಣ ಮಾರುಕಟ್ಟೆಯಲ್ಲಿ ಸಿಗುತ್ತದೆ. ಕೂಸು ಬಾಯಿಗೆ ಹಾಕಿಕೊಳ್ಳುವ ವಸ್ತುವಿಗೆ ಅದನ್ನು ನಾನು ಬಳಸುವುದಿಲ್ಲ. ನಾಲ್ಕೈದು ಸಲ ತೊಳೆದ ಮೇಲೂ ಕೆಂಪು ಇಳಿಯುತ್ತಲೇ ಇದ್ದರೆ ಆ ಹೊದಿಕೆಯನ್ನು ಗೋಡೆಗೋ ತೊಟ್ಟಿಲ ಬೆನ್ನಿಗೋ ಅಲಂಕಾರಕ್ಕೆ ಇಟ್ಟು, ಕೂಸಿಗೆ ಬೇರೆ ಹಾಕಿಕೊಡಿ.

ಬಣ್ಣಕ್ಕೆ ಸೇರದ ಮಾತಾದರೂ ಹೇಳಿಬಿಡುತ್ತೇನೆ: ಒಂದು ವರ್ಷದೊಳಗಿನ ಕೂಸು ಮಲಗಿರುವಾಗ ಮೇಲೆ ಸಡಿಲ ಹೊದಿಕೆ ಹಾಕಿ ಹೋಗಬೇಡಿ ಎಂಬುದು ಮಕ್ಕಳ ವೈದ್ಯರ ಸಲಹೆ. ಕ್ರೋಶಾದ ಕಿಂಡಿಯಲ್ಲಿ ಎಳೆಬೆರಳು ಸಿಕ್ಕಿಕೊಳ್ಳುವುದೂ ಉಂಟು. ಎತ್ತಿಕೊಂಡಾಗ, ಎದುರಿಗೇ ಇದ್ದಾಗ ಹೊದಿಸಲು ಅಡ್ಡಿಯಿಲ್ಲ.

ಮುಂದಿನ ಸಲಕ್ಕೆ ಲೆಕ್ಕದ ಒಂದು ಮಾತು. 200 ಗ್ರಾಂ ಬೂದು 36 ಚೌಕಕ್ಕೆ ಆಯಿತು ಎಂದರೆ ಚೌಕಕ್ಕೆ ಸುಮಾರು ಐದೂವರೆ ಗ್ರಾಂ. 48ಕ್ಕೆ 264 ಗ್ರಾಂ, ಜೊತೆಗೆ ಅಂಚು. ಮೊದಲ ದಿನವೇ ನಾಲ್ಕು ಉಂಡೆ ಬೇಕಿತ್ತು. ಮೊದಲ ನಾಲ್ಕು ಚೌಕ ಮುಗಿದಾಗ ಅಡುಗೆಮನೆಯ ಅಥವಾ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಉಂಡೆಯನ್ನು ತೂಗಿ ನೋಡಿದರೆ ಈ ಲೆಕ್ಕ ಸಿಗುತ್ತದೆ, ಆಗ ಅಂಗಡಿಗೆ ಓಡಿದರೆ ಅದೇ ಲಾಟ್ ಸಿಗುವ ಸಾಧ್ಯತೆಯೂ ಇರುತ್ತದೆ. ಸಿಗದೆ ಬೇರೆ ಲಾಟ್ ತರಲೇಬೇಕಾಯಿತೋ, ಹಳೆಯ ಉಂಡೆ ಇನ್ನೂ ಅರ್ಧ ಇರುವಾಗಲೇ ಹೊಸದನ್ನು ಬೆರೆಸಲು ಶುರು ಮಾಡಿ. ಹಳೆಯದರಲ್ಲೊಂದು ಚೌಕ, ಹೊಸದರಲ್ಲೊಂದು. ಉದ್ದನೆಯ ಶಾಲಾದರೆ ಎರಡು ಸಾಲು ಹಳೆಯದು, ಎರಡು ಸಾಲು ಹೊಸದು. ಗಡಿಯೇ ಇಲ್ಲದ ಮೇಲೆ ಕಣ್ಣು ಹಿಡಿಯುವುದಾದರೂ ಏನನ್ನು?

ಹೊಸ ಉಂಡೆಯಲ್ಲಿ ನಿಮಗೀಗ ಸುಮಾರು 34 ಗ್ರಾಂ ಉಳಿದಿರಬೇಕು. ಪಟ್ಟಿಯನ್ನು ಮೇಲೆ ಜೋಡಿಸಲು ಅದನ್ನೇ ಬಳಸಿ. ಮಿಕ್ಕಿದ್ದನ್ನು ಪುಟ್ಟ ಲಡಿಯಾಗಿ ಸುತ್ತಿ, ಹೊದಿಕೆ ಒಗೆಯುವಾಗಲೆಲ್ಲ ಅದರ ಜೊತೆಗೇ ಒಗೆದು ನೆರಳಿನಲ್ಲಿ ಒಣಗಿಸಿಡಲು ಮಗಳಿಗೆ ಹೇಳಿ. ಕೂಸಿಗೆ ಹಲ್ಲು ಬಂದ ಮೇಲೆ ಎಲ್ಲಾದರೂ ಒಂದು ಎಳೆ ಕಿತ್ತೇ ಕೀಳುತ್ತದೆ. ಆಗ ತೇಪೆಗೆ ಬೇಕಾಗುವುದು ಅಷ್ಟೇ ಮಾಸಿದ, ಅಷ್ಟೇ ಹಳತಾದ ಬೂದು.